ಊರು ಬಿಟ್ಟವರ ಲೆಕ್ಕ ಯಾರ ಬಳಿ ಇದೆ?

ನಮ್ಮ ಕೇರಿಗಳಲ್ಲಿ ಒಂದು ಮಾತಿದೆ: ‘ಅವನು ಊರು ಬಿಟ್ಟ.’ ಅಷ್ಟೇ. ಯಾಕೆ ಬಿಟ್ಟ, ಯಾವ ರಾತ್ರಿ ಬಿಟ್ಟ, ಗಂಟಿನಲ್ಲಿ ಏನಿತ್ತು, ಕೈ ಹಿಡಿದ ಮಗುವಿಗೆ ಎಷ್ಟು ವರ್ಷ, ಧಣಿಯ ಪುಸ್ತಕದಲ್ಲಿ ಸಾಲ ಎಷ್ಟು ಉಳಿದಿತ್ತು, ಇದ್ಯಾವುದನ್ನೂ ಯಾರೂ ಬರೆದಿಡಲಿಲ್ಲ. ರಾಜ ಒಂದು ಊರಿಂದ ಇನ್ನೊಂದು ಊರಿಗೆ ಹೋದರೆ ಅದು ದಂಡಯಾತ್ರೆ. ಅದಕ್ಕೆ ಕಲ್ಲಿನ ಶಾಸನ, ಇಸವಿ, ತಿಥಿ, ವಾರ, ನಕ್ಷತ್ರ. ನಮ್ಮವರು ಹೋದರೆ ಅದು ಗುಳೆ. ಗುಳೆಗೆ ಶಾಸನವಿಲ್ಲ. ಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ನಾವು ಹುಡುಕಿದ್ದೇ ಬಂತು, ನಮ್ಮ ಅಜ್ಜ ಅಜ್ಜಿಯರು ಒಂದು ಪುಟದಲ್ಲೂ ಸಿಗಲಿಲ್ಲ.

ಗೆಳೆಯರೆ, ಸಮುದ್ರದಾಚೆಯ ಒಬ್ಬ ಹೆಣ್ಣುಮಗಳ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಇಸಬೆಲ್ ವಿಲ್ಕರ್‌ಸನ್. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದವರು. ಪತ್ರಕರ್ತೆ, ಪತ್ರಿಕೋದ್ಯಮ ಕಲಿಸಿದ ಮೇಷ್ಟರು. ಕತೆ ಕಾದಂಬರಿ ಬರೆದವರಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದವರು. 2010ರಲ್ಲಿ ಒಂದು, 2020ರಲ್ಲಿ ಒಂದು, ಹೀಗೆ ಎರಡು ದೊಡ್ಡ ಪುಸ್ತಕ. ಮೊದಲನೆಯದಕ್ಕೆ ಹಿಡಿದದ್ದು 15 ವರ್ಷ. ಅದರಲ್ಲಿ ಊರು ಬಿಟ್ಟ 60 ಲಕ್ಷ ಜನರ ಲೆಕ್ಕ ಇದೆ. ಎರಡನೆಯದರಲ್ಲಿ ನಮ್ಮ ಮೈಗೆ ಅಂಟಿಸಿದ ‘ಜಾತಿ’ ಎಂಬ ಮಾತನ್ನೇ ಹಿಡಿದು ಅವರು ತಮ್ಮ ದೇಶಕ್ಕೆ ಕನ್ನಡಿ ತೋರಿಸಿದರು. ಇವರು ಹೇಗೆ ಕೆಲಸ ಮಾಡಿದರು ಅನ್ನುವುದನ್ನು ತಿಳಿದರೆ ನಮ್ಮ ಕೈಗೂ ಒಂದು ಕೆಲಸ ಸಿಗುತ್ತದೆ ಎಂಬುದು ನಮ್ಮ ನಂಬಿಕೆ.

ಮೊದಲು ಆ 60 ಲಕ್ಷ ಜನ ಯಾರು ಅಂತ ನೋಡಬೇಕು.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಲೆಕ್ಕದಲ್ಲಿ ಸತ್ತಿತು. ನೆಲ ಮಾತ್ರ ಧಣಿಗಳ ಕೈಯಲ್ಲೇ ಉಳಿಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಅದೇ ಹತ್ತಿಹೊಲದಲ್ಲಿ ವಾರಕ್ಕೆ ಬೇಸಾಯ ಮಾಡುವವರಾದರು. ಬೀಜ ಧಣಿಯದು, ಹಿಟ್ಟು ಉಪ್ಪು ಧಣಿಯ ಅಂಗಡಿಯದು, ವರ್ಷದ ಕೊನೆಯಲ್ಲಿ ಲೆಕ್ಕದ ಪುಸ್ತಕವೂ ಧಣಿಯದೇ. ಆ ಪುಸ್ತಕದಲ್ಲಿ ದುಡಿದವನು ಸಾಲಗಾರನಾಗಿಯೇ ಇರುತ್ತಿದ್ದ. ನಮ್ಮ ಜೀತದ ಮನೆಗಳಲ್ಲಿ ಹುಟ್ಟಿದವರಿಗೆ ಈ ಗಣಿತವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದರ ಮೇಲೆ ಜಿಮ್ ಕ್ರೋ ಎಂದು ಹೆಸರಾದ ಬೇರ್ಪಡಿಕೆಯ ಕಾನೂನುಗಳು ಬಂದವು. ಶಾಲೆ ಬೇರೆ, ರೈಲು ಡಬ್ಬಿ ಬೇರೆ, ನೀರಿನ ನಲ್ಲಿ ಬೇರೆ. ನಾರ್ತ್ ಕೆರೊಲಿನಾದ ಕೋರ್ಟಿನಲ್ಲಿ ಪ್ರಮಾಣ ಮಾಡಲು ಬಿಳಿಯರಿಗೊಂದು ಬೈಬಲ್, ಕರಿಯರಿಗೊಂದು ಬೈಬಲ್. ಹೋಟೆಲಿನ ಹೊರಗೆ ನಮಗಾಗಿ ಬೇರೆ ಲೋಟ ಇಡುತ್ತಿದ್ದ ನಾಡಿನವರು ನಾವು. ಈ ಎರಡು ಬೈಬಲ್ ಕಂಡು ನಗಬೇಕೋ ಅಳಬೇಕೋ? ಇದಕ್ಕೆಲ್ಲ ಕಾವಲು ನಿಂತದ್ದು ಕೊಲೆ. 1889ರಿಂದ 1929ರವರೆಗೆ ಸರಾಸರಿ ನಾಲ್ಕು ದಿನಕ್ಕೊಬ್ಬರನ್ನು ಬಿಳಿಯರ ಗುಂಪು ಮರಕ್ಕೆ ನೇತು ಹಾಕಿತು ಅಥವಾ ಜೀವಂತ ಸುಟ್ಟಿತು ಎಂದು ವಿಲ್ಕರ್‌ಸನ್ ಲೆಕ್ಕ ಕೊಡುತ್ತಾರೆ.

ಒಂದನೇ ಮಹಾಯುದ್ಧದ ಹೊತ್ತಿಗೆ ಯುರೋಪಿನಿಂದ ಬರುತ್ತಿದ್ದ ಕೂಲಿಗಳು ನಿಂತುಹೋದರು. ಉತ್ತರದ ಕಾರ್ಖಾನೆಗಳಿಗೆ ಆಳು ಬೇಕಾಯಿತು. ಆಗ ಕಪ್ಪು ಜನ ಎದ್ದರು. 1915ರ ಸುಮಾರಿಗೆ ಶುರುವಾದ ಈ ನಡಿಗೆ 1970ರವರೆಗೆ ನಿಲ್ಲಲಿಲ್ಲ. ಫ್ಲಾರಿಡಾ, ಜಾರ್ಜಿಯಾ, ಕೆರೊಲಿನಾಗಳಿಂದ ನ್ಯೂಯಾರ್ಕಿಗೆ. ಮಿಸಿಸಿಪ್ಪಿ, ಅಲಬಾಮಾದಿಂದ ಶಿಕಾಗೊ, ಡೆಟ್ರಾಯಿಟಿಗೆ. ಲೂಸಿಯಾನ, ಟೆಕ್ಸಾಸಿನಿಂದ ಕ್ಯಾಲಿಫೋರ್ನಿಯಾಕ್ಕೆ. ಇದು ಶುರುವಾಗುವಾಗ ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ 90 ಮಂದಿ ದಕ್ಷಿಣದಲ್ಲಿದ್ದರು. ಮುಗಿಯುವ ಹೊತ್ತಿಗೆ ನೂರಕ್ಕೆ 47 ಮಂದಿ ದಕ್ಷಿಣದ ಹೊರಗಿದ್ದರು. ಇದಕ್ಕೆ ನಾಯಕನಿಲ್ಲ, ಪಕ್ಷವಿಲ್ಲ, ಬಾವುಟವಿಲ್ಲ. ಒಂದೊಂದು ಮನೆಯವರೂ ತಾವೇ ಕೂತು ಮಾತಾಡಿ ತೀರ್ಮಾನ ಮಾಡಿ ಹೊರಟರು.

ಇಲ್ಲಿ ಒಂದು ಪತ್ರಿಕೆಯ ಮಾತು ಬರಬೇಕು. 1905ರಲ್ಲಿ ರಾಬರ್ಟ್ ಅಬಾಟ್ ಎಂಬ ಕಪ್ಪು ಮನುಷ್ಯ ‘ಶಿಕಾಗೊ ಡಿಫೆಂಡರ್’ ಶುರು ಮಾಡಿದರು. ಪುಲ್‌ಮನ್ ರೈಲುಗಳಲ್ಲಿ ಸೇವಕರಾಗಿದ್ದ ಕಪ್ಪು ಕೆಲಸಗಾರರು ಆ ಪತ್ರಿಕೆಯ ಕಟ್ಟುಗಳನ್ನು ಗುಟ್ಟಾಗಿ ದಕ್ಷಿಣಕ್ಕೆ ಸಾಗಿಸಿದರು. ಒಂದು ಪ್ರತಿ ಕೈಯಿಂದ ಕೈಗೆ ಹೋಗಿ, ಓದು ಬಾರದವರಿಗೆ ಓದಿ ಹೇಳಿ, ಹರಿದು ಚಿಂದಿಯಾಗುವವರೆಗೆ ಬದುಕುತ್ತಿತ್ತು. ಬಿಟ್ಟು ಬನ್ನಿ ಎಂದು ಅದು ಕರೆಯಿತು. ದಕ್ಷಿಣದ ಎಷ್ಟೋ ಊರುಗಳಲ್ಲಿ ಅಧಿಕಾರಿಗಳು ಅದನ್ನು ತಡೆದರು, ಕಿತ್ತುಕೊಂಡರು. ನಮ್ಮ ನೆಲದಲ್ಲೂ ಇಂಥದೊಂದು ಪತ್ರಿಕೆ ಇತ್ತು ಅನ್ನುವುದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? 1907ರಲ್ಲಿ ಅಯೋತಿದಾಸರು ಮದ್ರಾಸಿನಲ್ಲಿ ‘ತಮಿಳನ್’ ಶುರು ಮಾಡಿದರು. ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಅದೇ ಹೆಸರಿನ ಪತ್ರಿಕೆ ಮತ್ತೆ ಹೊರಬಂದದ್ದು ಕೋಲಾರದ ಚಿನ್ನದ ಗಣಿ ಪ್ರದೇಶದಿಂದ. ಊರು ಬಿಟ್ಟು ಬಂದು ಭೂಮಿಯ ಹೊಟ್ಟೆಗೆ ಇಳಿದ ದಲಿತ ಕೂಲಿಗಳ ನಡುವಿನಿಂದ.

ವಿಲ್ಕರ್‌ಸನ್ ಈ ನಡಿಗೆಯ ಮಗಳು. ತಾಯಿ ಜಾರ್ಜಿಯಾದ ರೋಮ್ ಎಂಬ ಊರು ಬಿಟ್ಟು ವಾಷಿಂಗ್ಟನ್ನಿಗೆ ಬಂದವರು. ತಂದೆ ವರ್ಜೀನಿಯಾ ಕಡೆಯವರು, ಎರಡನೇ ಮಹಾಯುದ್ಧದ ಕಾಲಕ್ಕೆ ಟಸ್ಕೀಗಿಯಲ್ಲಿ ತರಬೇತಿಯಾದ ಕಪ್ಪು ವಿಮಾನ ಚಾಲಕರಲ್ಲಿ ಒಬ್ಬರು. ಯುದ್ಧ ಮುಗಿದ ಮೇಲೆ ಕಪ್ಪು ಪೈಲಟ್‌ಗೆ ವಿಮಾನ ಕೊಡುವವರಿರಲಿಲ್ಲ. ಅವರು ಮತ್ತೆ ಓದಿ ಸಿವಿಲ್ ಎಂಜಿನಿಯರಾದರು. ಇವರಿಬ್ಬರೂ ಊರು ಬಿಡದೆ ಇದ್ದಿದ್ದರೆ ಭೇಟಿಯಾಗುತ್ತಲೇ ಇರಲಿಲ್ಲ, ಮಗಳು ಹುಟ್ಟುತ್ತಲೇ ಇರಲಿಲ್ಲ. ಮಗಳು ಹುಟ್ಟಿದ್ದು 1961ರಲ್ಲಿ. ಮನೆಯಲ್ಲಿ ದಕ್ಷಿಣದ ಅಡುಗೆ, ದಕ್ಷಿಣದ ಮಾತು ಎಲ್ಲ ಇತ್ತು. ಯಾಕೆ ಬಿಟ್ಟು ಬಂದಿರಿ ಎಂಬುದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಈ ಮೌನವೂ ನಮಗೆ ಗೊತ್ತಿರುವುದೇ. ನಮ್ಮ ಅವ್ವಂದಿರು ಹಸಿವನ್ನು ಹೇಳುತ್ತಾರೆ, ಅವಮಾನವನ್ನು ಹೇಳುವುದಿಲ್ಲ.

ಅವರು ಓದಿದ್ದು ಕಪ್ಪು ಜನರಿಗಾಗಿಯೇ ಕಟ್ಟಿದ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ಹಿಲ್‌ಟಾಪ್’ನ ಸಂಪಾದಕಿಯಾದರು. ಮುಂದೆ ‘ನ್ಯೂಯಾರ್ಕ್ ಟೈಮ್ಸ್’ ಸೇರಿದರು. ಅಲ್ಲಿಗೆ ಬಾಗಿಲು ತಾನಾಗಿ ತೆರೆಯಲಿಲ್ಲ. 1967ರಲ್ಲಿ ಅಮೆರಿಕದ ನಗರಗಳಲ್ಲಿ ಕಪ್ಪು ಕೇರಿಗಳು ಹೊತ್ತಿ ಉರಿದಾಗ ಅಧ್ಯಕ್ಷ ಜಾನ್‌ಸನ್ ಕರ್ನರ್ ಆಯೋಗ ನೇಮಿಸಿದರು. 1968ರಲ್ಲಿ ಬಂದ ಅದರ ವರದಿ ಪತ್ರಿಕೆಗಳನ್ನೂ ಬಿಡಲಿಲ್ಲ. ಸುದ್ದಿ ವಿಭಾಗದ ಕೆಲಸಗಳಲ್ಲಿ ಕಪ್ಪು ಜನ ನೂರಕ್ಕೆ ಐದೂ ಇಲ್ಲ, ಸಂಪಾದಕರಲ್ಲಿ ನೂರಕ್ಕೆ ಒಬ್ಬರೂ ಇಲ್ಲ, ಬಿಳಿಯರ ಕಣ್ಣಿನಿಂದಷ್ಟೇ ದೇಶವನ್ನು ನೋಡುತ್ತಿದ್ದೀರಿ ಎಂದು ಅದು ಮುಖಕ್ಕೆ ಹೇಳಿತು. ಬೀದಿಯಲ್ಲಿ ಬೆಂಕಿ ಬಿದ್ದ ಮೇಲೆಯೇ ಪತ್ರಿಕಾ ಕಚೇರಿಯ ಚಿಲಕ ಸ್ವಲ್ಪ ಸಡಿಲವಾದದ್ದು. ಆ ಸಂದಿಯಲ್ಲಿ ಒಳಗೆ ಬಂದ ತಲೆಮಾರು ವಿಲ್ಕರ್‌ಸನ್ ಅವರದು.

ಅವರು ‘ಟೈಮ್ಸ್’ನ ಶಿಕಾಗೊ ಶಾಖೆಯ ಮುಖ್ಯಸ್ಥೆಯಾದರು. 1994ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಪತ್ರಿಕೋದ್ಯಮದಲ್ಲಿ ಅದನ್ನು ಪಡೆದ ಮೊದಲ ಕಪ್ಪು ಹೆಂಗಸು ಇವರೇ. ಯಾವ ಬರಹಕ್ಕೆ ಅಂತೀರಿ? 1993ರ ಪ್ರವಾಹದಲ್ಲಿ ಮುಳುಗಿದ ಊರುಗಳ ಬಗ್ಗೆ ಎರಡು ವರದಿ, ಇನ್ನೊಂದು ಶಿಕಾಗೊ ಬಡ ಕೇರಿಯ ನಾಲ್ಕನೇ ತರಗತಿ ಹುಡುಗನ ಬಗ್ಗೆ. ತಮ್ಮ ತಂಗಿಯರಿಗೆ ತಾನೇ ತಂದೆಯಾಗಿ ನಿಂತ ಹತ್ತು ವರ್ಷದ ಹುಡುಗ. ಮಂತ್ರಿಯ ಭಾಷಣ ಬರೆದು ಬಂದ ಪ್ರಶಸ್ತಿಯಲ್ಲ ಇದು.

ಆದರೂ ಬಣ್ಣ ಬಿಡಲಿಲ್ಲ. ಶಿಕಾಗೊದ ಒಂದು ದುಬಾರಿ ಅಂಗಡಿಯ ಮ್ಯಾನೇಜರನನ್ನು ಸಂದರ್ಶನ ಮಾಡಲು ಹೋದಾಗ ನಡೆದದ್ದನ್ನು ಅವರೇ ಬರೆದಿದ್ದಾರೆ. ಫೋನಿನಲ್ಲಿ ಖುಷಿಯಿಂದ ಒಪ್ಪಿಕೊಂಡಿದ್ದವನು ಎದುರಿಗೆ ಬಂದವನೇ, ಈಗ ಬಿಡುವಿಲ್ಲ, ನ್ಯೂಯಾರ್ಕ್ ಟೈಮ್ಸ್‌ನಿಂದ ಇಸಬೆಲ್ ವಿಲ್ಕರ್‌ಸನ್ ಬರುವವರಿದ್ದಾರೆ ಅಂದ. ನಾನೇ ಅವಳು ಅಂದರೂ ನಂಬಲಿಲ್ಲ. ಗುರುತಿನ ಚೀಟಿ ಕೇಳಿದ. ಕೊನೆಗೂ ಮಾತಾಡದೆ ಕಳಿಸಿದ. ಹೆಸರು ಮೊದಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಮುಖ ಅಚ್ಚಾಗಿರಲಿಲ್ಲ. ಬಾಡಿಗೆ ಮನೆ ಕೇಳಲು ಹೋಗಿ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಯ ಮುಂದೆ ನಿಂತ ನಮ್ಮ ಪದವೀಧರರಿಗೆ ಈ ಅಂಗಡಿಯ ದಾರಿ ಚೆನ್ನಾಗಿ ಗೊತ್ತು.

ಹೆಸರು, ಹುದ್ದೆ, ಪ್ರಶಸ್ತಿ ಎಲ್ಲ ಇದ್ದಾಗಲೇ ಅವರು ದಿನಪತ್ರಿಕೆಯ ಅವಸರವನ್ನು ಬಿಟ್ಟರು. 1990ರ ದಶಕದ ನಡುವಿನಲ್ಲಿ ಮಹಾವಲಸೆಯ ಚರಿತ್ರೆಗೆ ಕೈ ಹಾಕಿದರು. ಕಾರಣ ಸರಳ. 1930, 40ರ ದಶಕದಲ್ಲಿ ಊರು ಬಿಟ್ಟವರಿಗೆ ಆಗ ಎಪ್ಪತ್ತು ಎಂಬತ್ತು ದಾಟಿತ್ತು. ಸಾಯುವುದರೊಳಗೆ ಕೇಳದಿದ್ದರೆ ಮುಂದೆ ಕೇಳಲು ಯಾರೂ ಇರುವುದಿಲ್ಲ.

ಹುಡುಕಿದ ಬಗೆ ನೋಡಿ. ವೃದ್ಧರು ಸೇರುವ ಕೇಂದ್ರಗಳು, ಚರ್ಚುಗಳು, ನಿವೃತ್ತ ನೌಕರರ ಸಂಘಗಳು, ಇಂಥ ಊರಿನಿಂದ ಬಂದವರ ಕೂಟಗಳು, ಹೀಗೆ ನ್ಯೂಯಾರ್ಕ್, ಶಿಕಾಗೊ, ಲಾಸ್ ಏಂಜಲೀಸ್ ಎಲ್ಲ ಕಡೆ ಅಲೆದರು. 1,200ಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತು ಕೇಳಿದರು. ಅಷ್ಟು ಜನರಲ್ಲಿ ಪುಸ್ತಕದ ಕಂಬಗಳಾಗಿ ಆರಿಸಿಕೊಂಡದ್ದು ಮೂವರನ್ನು.

ಒಬ್ಬಾಕೆ ಐಡಾ ಮೇ ಗ್ಲಾಡ್ನಿ. ಮಿಸಿಸಿಪ್ಪಿಯ ಹತ್ತಿಹೊಲದ ಹೆಂಗಸು. ಹತ್ತಿ ಬಿಡಿಸುವುದರಲ್ಲಿ ಆಕೆಯ ಕೈ ಬಲು ನಿಧಾನ. ಧಣಿಯ ಟರ್ಕಿ ಕೋಳಿಗಳು ಕಾಣೆಯಾದಾಗ ಕದ್ದವನು ಇವನೇ ಎಂದು ಆಕೆಯ ಗಂಡನ ನೆಂಟನನ್ನು ಸಾಯುವ ಹಾಗೆ ಬಡಿದರು. ಆಮೇಲೆ ಕೋಳಿಗಳು ತಾವೇ ಮನೆಗೆ ಬಂದವು. ಇನ್ನು ಇಲ್ಲಿ ಇರಬಾರದು ಎಂದು ಗಂಡ ತೀರ್ಮಾನಿಸಿದ. 1937ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದರು. ಕೊನೆಗೆ ಶಿಕಾಗೊದಲ್ಲಿ ನೆಲೆ ನಿಂತರು.

ಇನ್ನೊಬ್ಬ ಜಾರ್ಜ್ ಸ್ಟಾರ್ಲಿಂಗ್, ಫ್ಲಾರಿಡಾದ ಯೂಸ್ಟಿಸ್ ಊರಿನವನು. ಎರಡು ವರ್ಷ ಕಾಲೇಜು ಕಂಡು, ದುಡ್ಡಿಲ್ಲದೆ ಕಿತ್ತಳೆ ತೋಟದ ಕೂಲಿಗೆ ಬಿದ್ದವನು. ಯುದ್ಧಕಾಲದಲ್ಲಿ ಹಣ್ಣಿನ ಬೆಲೆ ಏರಿದರೂ ಕೂಲಿ ಏರದಿದ್ದಾಗ ಜೊತೆಯವರನ್ನು ಕಟ್ಟಿ ನಿಲ್ಲಿಸಿ ಹೆಚ್ಚು ಕೂಲಿ ಕೇಳಿದ. ತೋಟದ ಮಾಲೀಕರು ಅವನನ್ನು ಮುಗಿಸಲು ಮಾತಾಡಿಕೊಂಡರು. ಸುದ್ದಿ ಕಿವಿಗೆ ಬಿತ್ತು. 1945ರಲ್ಲಿ ಅವನು ನ್ಯೂಯಾರ್ಕಿಗೆ ಓಡಿದ. ಅಲ್ಲಿ ಅವನಿಗೆ ಸಿಕ್ಕ ಕೆಲಸ ರೈಲಿನಲ್ಲಿ ಪ್ರಯಾಣಿಕರ ಸಾಮಾನು ಹೊರುವುದು. ತಾನು ಓಡಿಬಂದ ದಾರಿಯಲ್ಲೇ ಮೂರು ದಶಕ ಹಿಂದಕ್ಕೂ ಮುಂದಕ್ಕೂ ಓಡಾಡಿದ.

ಮೂರನೆಯವರು ರಾಬರ್ಟ್ ಫಾಸ್ಟರ್. ಲೂಸಿಯಾನದ ಮನ್ರೋ ಊರಿನ ಶಸ್ತ್ರವೈದ್ಯರು. ಸೈನ್ಯದಲ್ಲಿ ಆಪರೇಷನ್ ಮಾಡಿದ ಕೈ. ಆದರೆ ಹುಟ್ಟೂರಿನ ಆಸ್ಪತ್ರೆಯಲ್ಲಿ ಕಪ್ಪು ಡಾಕ್ಟರು ಕತ್ತರಿ ಹಿಡಿಯುವಂತಿಲ್ಲ. 1953ರಲ್ಲಿ ಕಾರು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಅರಿಜೋನಾದ ಮರುಭೂಮಿಯಲ್ಲಿ ಒಂದಾದ ಮೇಲೊಂದು ವಸತಿಗೃಹಗಳು ಜಾಗವಿಲ್ಲ ಅಂದವು. ನಿದ್ದೆಗಣ್ಣಿನಲ್ಲಿ ಕಾರು ಓಡಿಸಿಕೊಂಡು ಹೋದರು.

ಕೂಲಿ ಹೆಂಗಸು, ಅರ್ಧ ಓದಿದ ಹೋರಾಟಗಾರ, ಪೂರ್ತಿ ಓದಿದ ಡಾಕ್ಟರು. ಓದಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಮೂರನೆಯವರ ರಾತ್ರಿಯೇ ಉತ್ತರ.

ಕೇಳುವುದು ಅಂದರೆ ಒಂದು ಸಂಜೆ ಕೂತು ಬರೆದುಕೊಂಡು ಎದ್ದು ಬರುವುದಲ್ಲ. ವಿಲ್ಕರ್‌ಸನ್ ಈ ಮೂವರ ಜೊತೆ ವರ್ಷಗಟ್ಟಲೆ ಒಡನಾಡಿದರು. ಐಡಾ ಮೇ ಜೊತೆ 1998ರಲ್ಲಿ ಮಿಸಿಸಿಪ್ಪಿಗೆ ಹೋದರು. ದಾರಿಬದಿಯ ಹತ್ತಿಹೊಲ ಕಂಡು ಮುದುಕಿ ಕಾರು ನಿಲ್ಲಿಸಿ ಇಳಿದು, ನಗುತ್ತಾ ಹತ್ತಿ ಬಿಡಿಸಿದಳು. ಯಾರ ಭಯದಲ್ಲೂ ಅಲ್ಲ, ಯಾರ ಲೆಕ್ಕಕ್ಕೂ ಅಲ್ಲ. ಫಾಸ್ಟರ್ ಹೋದ ದಾರಿಯಲ್ಲಿ ತಾವೂ ಕಾರು ಓಡಿಸಿ, ನಿದ್ದೆ ಇಲ್ಲದೆ ಆ ಮರುಭೂಮಿ ದಾಟುವುದು ಅಂದರೇನು ಅಂತ ಮೈಯಲ್ಲಿ ತಿಳಿಯಲು ನೋಡಿದರು. ಜೊತೆಗಿದ್ದ ತಂದೆತಾಯಿ ಕೊನೆಗೆ ಸಾಕು, ಎಲ್ಲಾದರೂ ನಿಲ್ಲಿಸಿ ಮಲಗೋಣ ಅಂದರು. ಮಗಳು ನಿಲ್ಲಿಸಬಹುದಿತ್ತು. ಫಾಸ್ಟರ್‌ಗೆ ಆ ಅವಕಾಶ ಇರಲಿಲ್ಲ.

ಹದಿನೈದು ವರ್ಷ ಹೊಟ್ಟೆಪಾಡು ಹೇಗೆ? ಈ ಪ್ರಶ್ನೆಯನ್ನು ನಮ್ಮಂಥವರು ಕೇಳಲೇಬೇಕು. ಬರವಣಿಗೆಯ ಹಿಂದೆ ಯಾವಾಗಲೂ ಒಂದು ಒಲೆ ಇರುತ್ತದೆ. ಅವರಿಗೆ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತ್ತು. ಅದರ ಜೊತೆಗೆ ಮೇಷ್ಟರ ಕೆಲಸವಿತ್ತು. ಪ್ರಿನ್ಸ್‌ಟನ್, ನಾರ್ತ್‌ವೆಸ್ಟರ್ನ್, ಎಮರಿ, ಬಾಸ್ಟನ್ ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮ ಕಲಿಸಿದರು. ಎಮರಿ ಇರುವುದು ಜಾರ್ಜಿಯಾದಲ್ಲಿ. ತಾಯಿ ಬಿಟ್ಟುಬಂದ ರಾಜ್ಯಕ್ಕೆ ಮಗಳು ಪ್ರಾಧ್ಯಾಪಕಿಯಾಗಿ ಹೋದರು.

ಅವರು ಕಲಿಸಿದ್ದರ ತಿರುಳು ಸಂದರ್ಶನದ ವಿದ್ಯೆ. ಅದರ ಬಗ್ಗೆ ಅವರು ಹೇಳಿರುವುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಎದುರು ಕೂತ ಮನುಷ್ಯ ಮೊದಲು ಅಳೆಯುತ್ತಾನೆ, ಇವರು ಯಾರು, ಯಾಕೆ ಬಂದರು ಅಂತ. ಆಮೇಲೆ ಹೊಂದಿಕೊಳ್ಳುತ್ತಾನೆ. ಎಲ್ಲೋ ಒಂದು ಕಡೆ ಎರಡು ಜೀವಕ್ಕೆ ತಂತು ಸಿಗುತ್ತದೆ. ಆಮೇಲೆಯೇ ಒಳಗಿನದು ಹೊರಗೆ ಬರುವುದು. ಈರುಳ್ಳಿ ಸುಲಿಯುವ ಹಾಗೆ. ಮೇಲಿನ ಒಣ ಸಿಪ್ಪೆಯನ್ನೇ ಬರೆದುಕೊಂಡು ಓಡುವವನು ವರದಿಗಾರನಲ್ಲ. ಪೆನ್ನು ಮುಚ್ಚಿ ಎದ್ದು ನಿಂತ ಮೇಲೆ, ಬಾಗಿಲ ಹತ್ತಿರ, ಅಜ್ಜಿ ಹೇಳುವ ಒಂದು ಮಾತಿನಲ್ಲಿ ಎಲ್ಲ ಇರಬಹುದು.

ಪುಸ್ತಕ ಬಂದದ್ದು 2010ರಲ್ಲಿ, ‘ದಿ ವಾರ್ಮ್ತ್ ಆಫ್ ಅದರ್ ಸನ್ಸ್’ ಎಂಬ ಹೆಸರಲ್ಲಿ. ಆ ಹೊತ್ತಿಗೆ ಮೂವರೂ ಇರಲಿಲ್ಲ. ಫಾಸ್ಟರ್ 1997ರಲ್ಲಿ, ಸ್ಟಾರ್ಲಿಂಗ್ 1998ರಲ್ಲಿ, ಐಡಾ ಮೇ 2004ರಲ್ಲಿ ತೀರಿಕೊಂಡಿದ್ದರು. ತಮ್ಮ ಬದುಕು ಅಚ್ಚಾದದ್ದನ್ನು ಅವರು ನೋಡಲಿಲ್ಲ. ಆದರೆ ಅವರು ಸಾಯುವ ಮೊದಲು ಒಬ್ಬರು ಬಂದು ಕೇಳಿದ್ದರು. ಆ ಪುಸ್ತಕ ನಿಂತಿರುವುದೇ ಇದರ ಮೇಲೆ.

ಇದರಿಂದ ಬದಲಾದದ್ದೇನು? ದಕ್ಷಿಣದಿಂದ ಬಂದ ಈ ಹಳ್ಳಿಗರು ಓದಿಲ್ಲದವರು, ಸಂಸಾರ ನೆಟ್ಟಗಿಲ್ಲದವರು, ನಗರಗಳನ್ನು ಕೆಡಿಸಿದವರು ಎಂದು ಎಷ್ಟೋ ವಿದ್ವಾಂಸರು ಬರೆದಿದ್ದರು. ವಿಲ್ಕರ್‌ಸನ್ ಮುದುಕರ ಬಾಯಿಮಾತನ್ನು ಜನಗಣತಿಯ ಹೊಸ ಅಧ್ಯಯನಗಳ ಪಕ್ಕದಲ್ಲಿ ಇಟ್ಟರು. ವಲಸೆ ಬಂದವರಲ್ಲಿ ಕೆಲಸದಲ್ಲಿದ್ದವರು ಹೆಚ್ಚು, ಗಂಡಹೆಂಡತಿ ಕೂಡಿ ಬಾಳಿದವರು ಹೆಚ್ಚು ಎಂದು ಆ ಅಂಕಿಗಳು ಹೇಳುತ್ತಿದ್ದವು. ಬಾಯಿಮಾತು ಮತ್ತು ಅಂಕಿ ಎರಡೂ ಸೇರಿದಾಗ ಸುಳ್ಳಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಕಣ್ಣೀರು ಒಂದೇ ಸಾಲದು, ಅಂಕಿ ಒಂದೇ ಸಾಲದು. ನಮ್ಮ ಬರಹಗಾರರು ಇದನ್ನು ಗಟ್ಟಿಯಾಗಿ ಹಿಡಿಯಬೇಕು.

ಇನ್ನು ಎರಡನೇ ಪುಸ್ತಕ. ಒಂದರ ಹಿಂದೊಂದು ಗಂಡನನ್ನೂ ತಾಯಿಯನ್ನೂ ಕಳಕೊಂಡು, ಆ ದುಃಖದಲ್ಲೇ ಬರೆದದ್ದು. 2020ರಲ್ಲಿ ಬಂದ ಇದರ ಹೆಸರೇ ‘ಕಾಸ್ಟ್’, ಅಂದರೆ ಜಾತಿ. ಅಮೆರಿಕದ ಬಣ್ಣಭೇದ, ಹಿಟ್ಲರನ ಜರ್ಮನಿ, ಭಾರತ, ಈ ಮೂರನ್ನೂ ಅವರು ಒಂದು ತಕ್ಕಡಿಯಲ್ಲಿ ಇಟ್ಟರು. ಬಣ್ಣ ಹೊರಗಿನ ಚರ್ಮ, ಜಾತಿ ಒಳಗಿನ ಮೂಳೆ ಎಂಬುದು ಅವರ ವಾದದ ಸಾರ. ದೇವರ ಹೆಸರು, ಹುಟ್ಟು, ಜಾತಿಯೊಳಗೇ ಮದುವೆ, ಮೈಲಿಗೆ, ಕಸುಬಿನ ಕಟ್ಟು, ಹಿಂಸೆ ಮುಂತಾಗಿ ಎಂಟು ಕಂಬಗಳನ್ನು ಅವರು ಹೆಸರಿಸುತ್ತಾರೆ. ನಮಗೆ ಇದರಲ್ಲಿ ಹೊಸದೇನಿದೆ ಅನ್ನಬಹುದು. ಜಾತಿಯೊಳಗಿನ ಮದುವೆಯೇ ಜಾತಿಯ ಜೀವ ಎಂದು ಬಾಬಾಸಾಹೇಬರು 1916ರಲ್ಲೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧ ಓದಿದ್ದರು.

ಆ ನೆಲಕ್ಕೂ ನಮಗೂ ಇರುವ ನಂಟು ಹಳೆಯದು. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಿರುವನಂತಪುರದ ಒಂದು ಶಾಲೆಗೆ ಹೋದಾಗ, ಇವರು ಅಮೆರಿಕದ ಅಸ್ಪೃಶ್ಯರು ಎಂದು ಮೇಷ್ಟರು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರು. ಕಿಂಗ್‌ಗೆ ಮೊದಲು ಕಸಿವಿಸಿಯಾಯಿತು, ಆಮೇಲೆ ಹೌದು ಅನ್ನಿಸಿತು. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ‘ಪ್ಯಾಂಥರ್’ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಇದೇ ದಾರಿಯಲ್ಲಿ ವಿಲ್ಕರ್‌ಸನ್ ಎದುರಿನಿಂದ ನಡೆದು ಬಂದರು. 2023ರಲ್ಲಿ ಆ ಪುಸ್ತಕದ ಮೇಲೆ ಏವಾ ಡುವರ್ನೇ ‘ಒರಿಜಿನ್’ ಎಂಬ ಸಿನಿಮಾ ಮಾಡಿದರು. ಅದರಲ್ಲಿ ಬಾಬಾಸಾಹೇಬರೂ ಒಂದು ಪಾತ್ರ. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ವಿಮಾನ ಹತ್ತಿದರೂ ಜಾತಿ ಇಳಿಯುವುದಿಲ್ಲ ಎಂಬುದಕ್ಕೆ ಸಾಕ್ಷಿಯೂ ಅದೇ.

ಹೊಗಳಿ ಸುಮ್ಮನಾಗುವುದು ಬಂಡಾಯದ ಕೆಲಸವಲ್ಲ. ‘ಕಾಸ್ಟ್’ ಬಗ್ಗೆ ನಮಗೆ ತಕರಾರಿದೆ. ಅದರಲ್ಲಿ ನೆಲ, ಕೂಲಿ, ಬಂಡವಾಳದ ಮಾತು ತೆಳುವಾಗಿದೆ. ಕಪ್ಪು ಚಿಂತಕ ಆಲಿವರ್ ಕಾಕ್ಸ್ 1948ರಲ್ಲೇ ಅಮೆರಿಕದ ಬಣ್ಣಭೇದವನ್ನು ಜಾತಿ ಎನ್ನುವುದನ್ನು ವಿರೋಧಿಸಿ, ಅದರ ಬೇರು ಕೂಲಿಯ ಶೋಷಣೆಯಲ್ಲಿದೆ ಎಂದು ದೊಡ್ಡ ಪುಸ್ತಕ ಬರೆದಿದ್ದರು. ಇನ್ನೊಂದು, ನಮ್ಮದು ಎರಡು ಅಂತಸ್ತಿನ ಮನೆಯಲ್ಲ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ನಮ್ಮದು. ಪ್ರತಿ ಮೆಟ್ಟಿಲಿನವನಿಗೂ ತುಳಿಯಲು ಕೆಳಗೊಬ್ಬ ಸಿಗುತ್ತಾನೆ. ನಮ್ಮೊಳಗೇ ಕೇರಿಗೂ ಕೇರಿಗೂ ನಡುವೆ ಗೋಡೆ ಇದೆ. ಇದು ಆ ಪುಸ್ತಕದ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಮೊದಲ ಪುಸ್ತಕದಲ್ಲಿ ಅವರು ವಾದ ಹೂಡಲಿಲ್ಲ, 1,200 ಜನರ ಎದುರು ಕೂತರು. ನಮ್ಮನ್ನು ಕೇಳಿದರೆ ಮೊದಲನೆಯದೇ ದೊಡ್ಡದು.

ಈಗ ನಮ್ಮ ಮನೆಗೆ ಬರೋಣ.

1996ರಲ್ಲಿ ದೆಹಲಿಯ ಪತ್ರಕರ್ತ ಬಿ.ಎನ್. ಉನಿಯಾಲ್ ಅವರನ್ನು ಒಬ್ಬ ವಿದೇಶಿ ವರದಿಗಾರ ಕೇಳಿದ: ಒಬ್ಬ ದಲಿತ ಪತ್ರಕರ್ತರ ಹೆಸರು ಹೇಳಿ. ಅವರು ಹುಡುಕಿದರು. ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಒಬ್ಬರೂ ಸಿಗಲಿಲ್ಲ. 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳಲ್ಲಿ ತೀರ್ಮಾನ ಮಾಡುವ ಜಾಗದಲ್ಲಿದ್ದ 315 ಮಂದಿಯ ಸಮೀಕ್ಷೆ ನಡೆಯಿತು. ದಲಿತ, ಆದಿವಾಸಿ ಇಬ್ಬರದೂ ಸೊನ್ನೆ. 2019ರ ಇನ್ನೊಂದು ಅಧ್ಯಯನದಲ್ಲಿ 121 ನಾಯಕ ಹುದ್ದೆಗಳಲ್ಲಿ 106 ಮೇಲ್ಜಾತಿಯವರದು. ದಲಿತರು, ಆದಿವಾಸಿಗಳು ಮತ್ತೆ ಸೊನ್ನೆ. ಅಮೆರಿಕದ ಕರ್ನರ್ ವರದಿಯಲ್ಲಿ ನೂರಕ್ಕೆ ಐದೂ ಇಲ್ಲ ಎಂದು ಗೋಳಾಡಿದ್ದರು. ನಮಗೆ ಸೊನ್ನೆಯ ಮೇಲೂ ಒಂದು ಆಯೋಗ ಬರಲಿಲ್ಲ.

ಹಾಗಂತ ನಾವು ಬಾಯಿ ಮುಚ್ಚಿಕೊಂಡಿರಲಿಲ್ಲ. 1973ರ ಬೂಸಾ ಗಲಾಟೆಯಲ್ಲಿ ಪೆಟ್ಟು ತಿಂದ ಹುಡುಗರು ಮುಂದೆ ಸಂಘ ಕಟ್ಟಿದರು, ‘ಪಂಚಮ’ ಪತ್ರಿಕೆ ತಂದರು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಮಾಗಡಿ ಸೀಮೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಒಂದು ಸಂಸಾರದ ದಾರಿ ಇದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಆತ್ಮಕತೆಗಳು ನಮ್ಮಲ್ಲಿವೆ. ಬರೆಯಲು ಬಂದವನು ತನ್ನ ಕತೆ ಬರೆದ. ಬರೆಯಲು ಬಾರದವರ ಕತೆ ಎಲ್ಲಿ? ಕೋಲಾರದ ಗಣಿಗೆ ತಮಿಳು ಸೀಮೆಯಿಂದ ಬಂದ ಸಾವಿರಾರು ದಲಿತ ಸಂಸಾರಗಳಿವೆ. 1880ರ ದಶಕದಿಂದ ತಲೆಮಾರುಗಟ್ಟಲೆ ಕತ್ತಲೆಗೆ ಇಳಿದವರು ಅವರು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಮನೆ ಮನೆಯಲ್ಲಿ ಏನೇನು ಮುಚ್ಚಿತು? ಕಾಫಿ ತೋಟಕ್ಕೆ ಹೋದವರು, ಕಬ್ಬು ಕಡಿಯಲು ಹೋದವರು, ರಾಯಚೂರು ಸೀಮೆಯಿಂದ ಬೆಂಗಳೂರಿನ ಕಟ್ಟಡಗಳಿಗೆ ಬಂದವರು, ಇವರೆಲ್ಲರ ಮುಂದೆ ವರ್ಷಗಟ್ಟಲೆ ಕೂತು ಕೇಳಿದ ನಮ್ಮವರು ಎಷ್ಟು ಜನ? ಕವಿತೆ ಬರೆದೆವು. ಕವಿತೆಯಲ್ಲಿ ‘ನನ್ನ ಜನ’ ಅಂದೆವು. ಆ ಜನರಲ್ಲಿ ಒಬ್ಬೊಬ್ಬರ ಹೆಸರು, ಊರು, ಇಸವಿ ಕೇಳಿ ಬರೆದುಕೊಂಡೆವಾ? ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಳ್ಳುತ್ತಿದ್ದೇವೆ. ನಮ್ಮ ಮನೆಗಳಲ್ಲಿ ಡಿಗ್ರಿ ಮುಟ್ಟಿದ ಮೊದಲ ಕೈ ನಮ್ಮದು. ಆ ಕೈಯಲ್ಲಿ ಪೆನ್ನು ಬರುವ ಹೊತ್ತಿಗೆ ಅಜ್ಜಿಯರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ನಾವು ಪರೀಕ್ಷೆಗೆ ಓದುತ್ತಾ ಇದ್ದೆವು.

ಹಳ್ಳಿಯ ಮೇಷ್ಟರುಗಳಿಗೆ, ಕಾಲೇಜಿನ ಗೆಳೆಯ ಗೆಳತಿಯರಿಗೆ ನಮ್ಮದೊಂದು ಕೋರಿಕೆ. ಇದಕ್ಕೆ ಫೆಲೋಶಿಪ್ಪು ಬೇಡ, ಒಂದು ನೋಟುಪುಸ್ತಕ ಸಾಕು. ಕ್ಲಾಸಿನ ಒಂದೊಂದು ಮಗುವೂ ತನ್ನ ಕೇರಿಯ ಒಬ್ಬ ಮುದುಕ ಅಥವಾ ಮುದುಕಿಯ ಹತ್ತಿರ ಕೂರಲಿ. ಹುಟ್ಟಿದ ಊರು ಯಾವುದು, ಬಿಟ್ಟದ್ದು ಯಾವಾಗ, ಯಾಕೆ, ಯಾರ ಸಾಲ ಎಷ್ಟಿತ್ತು, ಮೊದಲ ದಿನದ ಕೂಲಿ ಎಷ್ಟು, ಆ ರಾತ್ರಿ ಎಲ್ಲಿ ಮಲಗಿದರು ಎಂದು ಕೇಳಲಿ. ಇಸವಿ ಗೊತ್ತಿಲ್ಲ ಅಂದರೆ ಬಿಡಬೇಡಿ. ಇಂದಿರಾಗಾಂಧಿ ಚಿಕ್ಕಮಗಳೂರಿನಲ್ಲಿ ಓಟಿಗೆ ನಿಂತ ವರ್ಷ ಅಂದರೆ ಅದು 1978. ಬಸಲಿಂಗಪ್ಪನವರ ಗಲಾಟೆಯ ವರ್ಷ ಅಂದರೆ 1973. ಅವರ ನೆನಪಿಗೂ ಪಂಚಾಂಗ ಇದೆ, ನಾವು ಓದಲು ಕಲಿಯಬೇಕು. ಹೇಳಿದ ಮಾತನ್ನು ತಿದ್ದಬೇಡಿ, ಅವರ ಮಾತಿನಲ್ಲೇ ಬರೆಯಿರಿ. ಅವರು ಬೇಡ ಅಂದದ್ದನ್ನು ಬರೆಯಬೇಡಿ. ಬರೆದದ್ದನ್ನು ತಿರುಗಿ ಅವರಿಗೆ ಓದಿ ಹೇಳಿ.

ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊದಲ ದಿನ ‘ಏನೈತಪ್ಪ ಹೇಳಕ್ಕೆ’ ಅನ್ನುತ್ತಾರೆ. ಎರಡನೇ ದಿನ ನಿಮ್ಮ ಊಟ ಆಯಿತಾ ಅಂತ ಕೇಳುತ್ತಾರೆ. ಮೂರನೇ ದಿನವೂ ಹೋಗಿ.